ಬಿರುಕು ಮಾಯುವ ಬಗೆ

ಸುಲ್ತಾನ್ ಬತ್ತೇರಿಯಿಂದ ಗುಂಡ್ಲುಪೇಟೆ ಕಡೆಗೆ ಹೊರಟರೆ ಮುತ್ತಂಗದ ಕಾಡು ಶುರುವಾಗುವ ಮೊದಲೇ ಕಲ್ಲೂರು ಸಿಗುತ್ತದೆ. ವಯನಾಡಿನ ನೂಲ್ಪುಳ ಪಂಚಾಯಿತಿಗೆ ಸೇರಿದ ಊರು. ಮಳೆಗಾಲ ಮುಗಿದ ಮೇಲೆ ಈ ಸೀಮೆಯ ಆರ್‌ಸಿಸಿ ಮನೆಗಳ ಸಜ್ಜದ ಕೆಳಗೆ ನಿಂತು ತಲೆ ಎತ್ತಿ ನೋಡಿದರೆ, ಕೂದಲೆಳೆಯಂಥ ಬಿರುಕಿನ ಉದ್ದಕ್ಕೂ ಒಂದು ಬಿಳಿ ಗೆರೆ ಎದ್ದಿರುವುದು ಎಷ್ಟೋ ಕಡೆ ಕಾಣುತ್ತದೆ. ಕೆಲವೆಡೆ ಅದು ದಪ್ಪಗಾಗಿ, ಸಣ್ಣ ಹರಳುಗಳಾಗಿ ಜೋತುಬಿದ್ದಿರುತ್ತದೆ. ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ. ಆ ಪುಡಿಗೆ ನಿಂಬೆರಸ ಹಿಂಡಿದರೆ ನೊರೆಯೇಳುತ್ತದೆ.

ಮನೆಯವರಿಗೆ ಇದು ಸೋರಿಕೆಯ ಗುರುತು. ಕೆರೆದು ತೆಗೆಸಿ, ಮೇಲೆ ಬಣ್ಣ ಬಳಿಸುತ್ತಾರೆ. ಸೋರಿಕೆಯ ಗುರುತು ಹೌದು, ಆದರೆ ಅಷ್ಟೇ ಅಲ್ಲ. ಸಿಮೆಂಟು ನೀರಿನೊಡನೆ ಕೂಡಿ ಗಟ್ಟಿಯಾಗುವಾಗ ಒಳಗೆ ಸುಣ್ಣ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಹುಟ್ಟುತ್ತದೆ. ಬಿರುಕಿಗೆ ಇಳಿದ ಮಳೆನೀರು ಅದನ್ನು ಕರಗಿಸಿಕೊಂಡು ಗಾಳಿಗೆ ಬಂದಾಗ, ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಸುಣ್ಣದಕಲ್ಲಾಗಿ ಕೂರುತ್ತದೆ. ಬಿರುಕು ಸಣ್ಣದಿದ್ದು ನೀರು ನಿಧಾನವಾಗಿ ಹರಿದರೆ ಈ ಕಲ್ಲು ಒಳಗೇ ಕೂತು ದಾರಿಯನ್ನು ಮುಚ್ಚುತ್ತದೆ. ನೀರು ರಭಸದಿಂದ ಬಂದರೆ ಒಳಗಿನ ಸುಣ್ಣ ಹೊರಗೆ ತೊಳೆದುಬಂದು ಸಜ್ಜದ ಕೆಳಗೆ ಜೋತುಬೀಳುತ್ತದೆ. ಮಾಯುವುದೂ ಸವೆಯುವುದೂ ಒಂದೇ ಕ್ರಿಯೆಯ ಎರಡು ತುದಿ. ಕಾಂಕ್ರೀಟು ತನ್ನ ಬಿರುಕನ್ನು ತಾನೇ ಮುಚ್ಚಿಕೊಳ್ಳುವುದನ್ನು ಫ್ರೆಂಚ್ ವಿಜ್ಞಾನ ಅಕಾಡೆಮಿ ಗುರುತಿಸಿದ್ದು 1836ರಲ್ಲಿ. ಹಾಗಾಗಿ ಇವತ್ತು ಸುದ್ದಿಯಲ್ಲಿರುವ ‘ತಾನೇ ಮಾಯುವ ಕಾಂಕ್ರೀಟು’ ಹೊಸ ಗುಣವನ್ನು ಹುಟ್ಟಿಸುತ್ತಿಲ್ಲ. ಇದ್ದ ಗುಣವನ್ನು ಬಲಪಡಿಸುತ್ತಿದೆ. ಆ ಬಲವರ್ಧನೆ ಎಷ್ಟರದು, ಯಾವ ಬಿರುಕಿಗೆ, ಯಾವ ಮಳೆಯ ಊರಿಗೆ ಎಂಬುದನ್ನು ನೋಡಬೇಕು.

ಅಳತೆಯಿಂದ ಆರಂಭಿಸುವುದು ಒಳ್ಳೆಯದು. ನಮ್ಮ ದೇಶದ ಕಾಂಕ್ರೀಟು ಸಂಹಿತೆ ಐಎಸ್ 456, ಸಾಮಾನ್ಯ ಭಾಗಗಳಲ್ಲಿ ಮೇಲ್ಮೈ ಬಿರುಕು 0.3 ಮಿ.ಮೀ. ಮೀರಬಾರದು ಎನ್ನುತ್ತದೆ. ಸದಾ ತೇವದಲ್ಲಿರುವ ಅಥವಾ ಮಣ್ಣಿಗೆ ತಾಗಿರುವ ಭಾಗಗಳಲ್ಲಿ 0.2, ಪರಿಸರ ಇನ್ನೂ ಕಠಿಣವಾಗಿದ್ದರೆ 0.1. ಅಂದರೆ ಆರ್‌ಸಿಸಿ ಎಂದರೆ ಬಿರುಕೇ ಇಲ್ಲದ ವಸ್ತು ಎಂದು ಇಂಜಿನಿಯರುಗಳು ಎಂದೂ ಅಂದುಕೊಂಡಿಲ್ಲ. ಬಿರುಕು ಬರುತ್ತದೆ, ಅದು ಕಂಬಿಯನ್ನು ಮುಟ್ಟಿ ತುಕ್ಕು ಹಿಡಿಸದಷ್ಟು ಸಣ್ಣದಾಗಿರಲಿ ಎಂಬುದೇ ಲೆಕ್ಕ. ತುಕ್ಕಾದ ಕಬ್ಬಿಣ ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಉಬ್ಬಿದ ಕಂಬಿ ಮೇಲಿನ ಕಾಂಕ್ರೀಟನ್ನು ಒಡೆದು ಹಾಕುತ್ತದೆ, ಒಡೆದ ಜಾಗದಿಂದ ಇನ್ನಷ್ಟು ನೀರು ಇಳಿಯುತ್ತದೆ. ನಮ್ಮ ಮನೆಗಳ ತಾರಸಿ ಚಕ್ಕೆ ಚಕ್ಕೆಯಾಗಿ ಉದುರುವುದು ಹೀಗೆ.

ಮೇಸ್ತ್ರಿಗಳು ಬಿರುಕನ್ನು ನೋಡಿದೊಡನೆ ಜಾತಿ ಹೇಳುತ್ತಾರೆ. ಗಾರೆಯ ಮೇಲೆ ಬಲೆಯಂತೆ ಹರಡಿದ್ದರೆ ಅದು ನೀರುಣಿಸದೆ ಒಣಗಿಸಿದ್ದರ ಫಲ. ಇಟ್ಟಿಗೆ ಗೋಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಓರೆಯಾಗಿ ಏರಿದ್ದರೆ ಪಾಯ ಒಂದು ಬದಿಗೆ ಕೂತಿದೆ. ಕಂಬಿಯ ಗುಂಟ ನೇರವಾಗಿ ಸಾಗಿದ್ದರೆ ಒಳಗೆ ತುಕ್ಕು. ತಾನೇ ಮಾಯುವ ತಂತ್ರಗಳೆಲ್ಲ ಕೆಲಸ ಮಾಡುವುದು ಸಣ್ಣ, ನಿಂತ ಬಿರುಕುಗಳಲ್ಲಿ. ಮಣ್ಣು ಜರುಗುವ ಇಳಿಜಾರಿನಲ್ಲಿ ವರ್ಷ ವರ್ಷ ಬಾಯಿ ತೆರೆಯುವ ಬಿರುಕಿಗೆ ಯಾವ ಬ್ಯಾಕ್ಟೀರಿಯವೂ ಮದ್ದಲ್ಲ. 2024ರ ಜುಲೈ 30ರ ನಸುಕಿನಲ್ಲಿ ಇದೇ ಜಿಲ್ಲೆಯ ಮುಂಡಕ್ಕೈ, ಚೂರಲ್‌ಮಲೆಗಳು ಭೂಕುಸಿತದಲ್ಲಿ ಕೊಚ್ಚಿಹೋದ ಮೇಲೆ ವಯನಾಡಿನ ಜನ ಗೋಡೆಯ ಬಿರುಕನ್ನು ಬೇರೆಯೇ ಕಣ್ಣಿನಿಂದ ನೋಡುತ್ತಾರೆ. ಆ ಭಯಕ್ಕೆ ಉತ್ತರ ಭೂವಿಜ್ಞಾನದಲ್ಲಿ, ಎಲ್ಲಿ ಕಟ್ಟಬಾರದು ಎಂಬ ತೀರ್ಮಾನದಲ್ಲಿ ಇದೆ. ಈ ಎರಡು ಬಗೆಯ ಬಿರುಕುಗಳನ್ನು ಬೆರೆಸಿ ‘ಇನ್ನು ಮನೆಗಳು ತಾವೇ ರಿಪೇರಿಯಾಗುತ್ತವೆ’ ಎಂದು ಬರೆಯುವವರು ಓದುಗರಿಗೆ ಅನ್ಯಾಯ ಮಾಡುತ್ತಾರೆ.

ಕನ್ನಡ ನಾಡಿನಲ್ಲಿ ತಾನೇ ಮಾಯುವ ಕಾಂಕ್ರೀಟಿನ ಪ್ರಯೋಗದ ನೆಲ ಯಾವುದು ಎಂದು ಕೇಳಿದರೆ ತೊಂಡೇಭಾವಿಯ ಹೆಸರು ಹೇಳಬೇಕು. ಗೌರಿಬಿದನೂರು ತಾಲ್ಲೂಕಿನ ಈ ಹಳ್ಳಿಯಲ್ಲಿ 2015ರಲ್ಲಿ, ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ನೇಮ್‌ಕುಮಾರ್ ಬಾಂಠಿಯಾ ಅವರ ತಂಡ, ಭಾರತ–ಕೆನಡಾ ಜಂಟಿ ಸಂಶೋಧನಾ ಕೇಂದ್ರದ ನೆರವಿನಿಂದ ಒಂದು ಕಾಂಕ್ರೀಟು ರಸ್ತೆ ಹಾಕಿತು. ಸಿಮೆಂಟಿನ ಸುಮಾರು ಶೇ. 60 ಭಾಗಕ್ಕೆ ಬದಲಾಗಿ ಹಾರುಬೂದಿ ಸೇರಿತು. ರಸ್ತೆಯ ದಪ್ಪ ವಾಡಿಕೆಗಿಂತ ಸುಮಾರು ಶೇ. 60 ಕಡಿಮೆ. ಕಾಂಕ್ರೀಟಿನೊಳಗೆ ನೀರನ್ನು ಸೆಳೆದು ಹಿಡಿಯುವ ನ್ಯಾನೊ ಲೇಪನದ ಎಳೆಗಳನ್ನು ಬೆರೆಸಿದ್ದರು. ಎಳೆಗಳಿಗೆ ಎರಡು ಕೆಲಸ. ಬಿರುಕು ಹುಟ್ಟಿದಾಗ ಎರಡು ದಡಗಳನ್ನು ಹಿಡಿದು ಅಗಲವಾಗದಂತೆ ತಡೆಯುವುದು ಮೊದಲನೆಯದು. ಮಳೆ ಬಂದಾಗ ಆ ಜಾಗದಲ್ಲಿ ತೇವ ಉಳಿಸಿ, ಇನ್ನೂ ನೀರು ಕಾಣದೆ ಒಳಗೆ ಉಳಿದ ಸಿಮೆಂಟಿನ ಕಣಗಳನ್ನು ಎಚ್ಚರಿಸುವುದು ಎರಡನೆಯದು. ಆ ಕಣಗಳು ಹೊಸ ಸಿಲಿಕೇಟುಗಳಾಗಿ ಬೆಳೆದು ಬಿರುಕನ್ನು ತುಂಬುತ್ತವೆ.

ಈ ರಸ್ತೆ ನನಗೆ ಮುಖ್ಯ ಎನಿಸುವುದು ಅದರಲ್ಲಿ ವಿಚಿತ್ರವಾದದ್ದು ಏನೂ ಇಲ್ಲದಿರುವುದರಿಂದ. ಜೀವಾಣು ಇಲ್ಲ, ಔಷಧಿಯ ಗುಳಿಗೆ ಇಲ್ಲ. ಬಿರುಕನ್ನು ಸಣ್ಣದಾಗಿ ಇಟ್ಟರೆ ಉಳಿದದ್ದನ್ನು ನೀರೂ ಸಿಮೆಂಟೂ ನೋಡಿಕೊಳ್ಳುತ್ತವೆ ಎಂಬ ನಂಬಿಕೆಯ ಮೇಲೆ ಅದು ನಿಂತಿದೆ. ಮಿಷಿಗನ್ ವಿಶ್ವವಿದ್ಯಾಲಯದ ವಿಕ್ಟರ್ ಲೀ ಇದೇ ತತ್ವವನ್ನು ಕೊನೆಯವರೆಗೂ ಒಯ್ದರು. ಅವರ ಬಾಗುವ ಕಾಂಕ್ರೀಟು ಭಾರ ಬಿದ್ದಾಗ ಒಂದು ದೊಡ್ಡ ಸೀಳು ಬಿಡುವ ಬದಲು 0.06 ಮಿ.ಮೀ.ಗಿಂತ ಸಣ್ಣ ಬಿರುಕುಗಳಾಗಿ ಹಂಚಿಕೊಳ್ಳುತ್ತದೆ. ಅಂಥ ಬಿರುಕು ನಾಲ್ಕಾರು ಸಲ ನೆನೆದು ಒಣಗಿದರೆ ಮಾಯುತ್ತದೆ.

ಇಲ್ಲಿ ಒಂದು ಪಕ್ಕದ ಮಾತು. ಹಳೆಯ ಕಾಂಕ್ರೀಟು ಈಗಿನದಕ್ಕಿಂತ ಚೆನ್ನಾಗಿ ಮಾಯುತ್ತಿತ್ತು ಎಂದು ಹಿರಿಯ ಇಂಜಿನಿಯರುಗಳು ಹೇಳಿದರೆ ಅದು ಹಳೆಯ ಕಾಲದ ಹಂಬಲ ಮಾತ್ರವಲ್ಲ. ಹಿಂದಿನ ಸಿಮೆಂಟು ದಪ್ಪ ಕಣದ್ದು, ನಿಧಾನವಾಗಿ ಬಲ ಕೂಡುವಂಥದು. ಕಣದ ಹೊಟ್ಟೆಯಲ್ಲಿ ನೀರು ಮುಟ್ಟದ ಸಿಮೆಂಟು ವರ್ಷಗಟ್ಟಲೆ ಉಳಿದಿರುತ್ತಿತ್ತು. ಬೇಗ ಸೆಂಟ್ರಿಂಗ್ ಬಿಚ್ಚಬೇಕು, ಏಳು ದಿನಕ್ಕೇ ಬಲ ಕಾಣಬೇಕು ಎಂಬ ಅವಸರಕ್ಕೆ ಇಂದಿನ ಸಿಮೆಂಟನ್ನು ನುಣ್ಣಗೆ ಅರೆಯುತ್ತಾರೆ. ಅದು ಬೇಗ ಬಲ ಪಡೆಯುತ್ತದೆ, ಮುಂದಕ್ಕೆಂದು ಉಳಿಸಿಕೊಳ್ಳುವುದು ಕಡಿಮೆ. ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟು ಈ ಕೊರತೆಯನ್ನು ತುಸು ತುಂಬುತ್ತದೆ. ಅದರ ಬೂದಿ ಸುಣ್ಣದೊಡನೆ ತಿಂಗಳುಗಟ್ಟಲೆ ನಿಧಾನವಾಗಿ ಕೂಡುತ್ತಲೇ ಇರುತ್ತದೆ.

ಬ್ಯಾಕ್ಟೀರಿಯಗಳ ಕಥೆಗೆ ಬರೋಣ. ಸುಣ್ಣದಕಲ್ಲು ಕಟ್ಟುವ ಸೂಕ್ಷ್ಮಜೀವಿಗಳಿಂದ ಕಲ್ಲಿನ ಕಟ್ಟಡ ಕಾಯುವ ಯತ್ನವನ್ನು ಫ್ರಾನ್ಸಿನಲ್ಲಿ, ಥೂಆರ್ ಪಟ್ಟಣದ ಚರ್ಚಿನ ಮೇಲೆ 1993ರಲ್ಲೇ ಮಾಡಿದ್ದರು. ಕಾಂಕ್ರೀಟಿನ ಬಿರುಕಿಗೆ ಇದನ್ನು ತಂದವರಲ್ಲಿ ನಮ್ಮವರೂ ಇದ್ದಾರೆ. ಅಮೆರಿಕದ ಸೌತ್ ಡಕೋಟಾ ಗಣಿ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿದ್ದ ವಿ. ರಾಮಕೃಷ್ಣನ್, ಸೂಕೀ ಬ್ಯಾಂಗ್ ಮತ್ತು ಸಂಗಡಿಗರು 2001ರಲ್ಲಿ ಬ್ಯಾಕ್ಟೀರಿಯದಿಂದ ಕಾಂಕ್ರೀಟು ದುರಸ್ತಿ ಮಾಡಿದ ಪ್ರಬಂಧ ಪ್ರಕಟಿಸಿದರು. ಅವರು ಬಳಸಿದ್ದು ಮಣ್ಣಿನಲ್ಲಿ ಸಾಮಾನ್ಯವಾಗಿರುವ, ಈಗ ಸ್ಪೋರೊಸಾರ್ಸಿನಾ ಪಾಶ್ಚುರಿ ಎಂದು ಕರೆಯುವ ಜೀವಿ. ಅದು ಯೂರಿಯಾವನ್ನು ಒಡೆದು, ಸುತ್ತಲಿನ ಕ್ಯಾಲ್ಸಿಯಂನೊಡನೆ ಸುಣ್ಣದಕಲ್ಲು ಕೂರುವಂತೆ ಮಾಡುತ್ತದೆ. ದಾರಿಯಲ್ಲಿ ಅಮೋನಿಯಾ ಹುಟ್ಟುವುದು ಈ ವಿಧಾನದ ತೊಡಕು.

ಹಾಲೆಂಡಿನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಹೆಂಕ್ ಯೋಂಕರ್ಸ್ 2006ರಿಂದ ಬೇರೆ ದಾರಿ ಹಿಡಿದರು. ಅವರು ಹುಡುಕಿದ್ದು ಕಾಂಕ್ರೀಟಿನೊಳಗಿನ ಉಗ್ರ ಕ್ಷಾರವನ್ನು ತಾಳಿಕೊಂಡು ಬೀಜಾಣುವಾಗಿ ಮಲಗಬಲ್ಲ ಬ್ಯಾಸಿಲಸ್ ಜೀವಿಗಳನ್ನು. ಆಹಾರವಾಗಿ ಕ್ಯಾಲ್ಸಿಯಂ ಲ್ಯಾಕ್ಟೇಟ್. ಬಿರುಕಿನಿಂದ ನೀರೂ ಗಾಳಿಯೂ ಒಳಗೆ ಬಂದರೆ ಬೀಜಾಣು ಎದ್ದು ಲ್ಯಾಕ್ಟೇಟನ್ನು ತಿಂದು ಸುಣ್ಣದಕಲ್ಲು ಬಿಡುತ್ತದೆ. ಕಂಬಿಗೆ ತುಕ್ಕು ಹಿಡಿಸಬಹುದಾದ ಆಮ್ಲಜನಕವನ್ನೂ ತಾನೇ ಉಸಿರಾಡಿ ಮುಗಿಸುತ್ತದೆ. ನೇರವಾಗಿ ಕಲಸಿದ ಬೀಜಾಣುಗಳು ನಾಲ್ಕು ತಿಂಗಳು ದಾಟಲಿಲ್ಲ. ಸಿಮೆಂಟು ಗಟ್ಟಿಯಾಗುತ್ತ ಒಳಗಿನ ರಂಧ್ರಗಳು ಬೀಜಾಣುಗಳಿಗಿಂತ ಕಿರಿದಾಗಿ ಅವನ್ನು ಹಿಸುಕಿಬಿಟ್ಟವು. ಅದಕ್ಕೇ ಸುಟ್ಟು ಉಬ್ಬಿಸಿದ ಜೇಡಿಮಣ್ಣಿನ ಹಗುರ ಗುಂಡುಗಳೊಳಗೆ ಅವನ್ನು ಕೂರಿಸಿದರು. 2011ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಜೀವಾಣು ಇದ್ದ ತುಂಡುಗಳ 0.46 ಮಿ.ಮೀ. ಅಗಲದ ಬಿರುಕು ಮುಚ್ಚಿತು, ಇಲ್ಲದವುಗಳಲ್ಲಿ 0.18ರವರೆಗೆ ಮಾತ್ರ. ಈ ಎರಡು ಸಂಖ್ಯೆಗಳ ನಡುವಿನ ಅಂತರವೇ ಇಡೀ ತಂತ್ರದ ಗಳಿಕೆ. ಅದು ಸಣ್ಣದಲ್ಲ. ಸಂಹಿತೆ ಒಪ್ಪುವ ಬಿರುಕಿನ ಪೂರ್ತಿ ಹರವನ್ನು 0.46 ದಾಟುತ್ತದೆ. ಆದರೆ ಜಲ್ಲಿಯ ಜಾಗಕ್ಕೆ ಮೆತ್ತನೆಯ ಗುಂಡು ಬಂದಷ್ಟೂ ಕಾಂಕ್ರೀಟಿನ ಬಲ ಕುಗ್ಗುತ್ತದೆ, ಖರ್ಚು ಏರುತ್ತದೆ.

ಪ್ರಯೋಗಾಲಯದ ಹೊರಗೆ ಏನಾಯಿತು? 2014ರಲ್ಲಿ ಇಕ್ವೆಡಾರಿನ ಬೆಟ್ಟಸೀಮೆಯ ನೀರಾವರಿ ಕಾಲುವೆಯೊಂದಕ್ಕೆ ಯೋಂಕರ್ಸ್ ತಂಡ ನಾರು ಬೆರೆಸಿದ ಇಂಥ ಕಾಂಕ್ರೀಟಿನ ಹೊದಿಕೆ ಹಾಕಿತು. 2015ರಲ್ಲಿ ಕಾರ್ಡಿಫ್, ಬಾತ್, ಕೇಂಬ್ರಿಜ್ ವಿಶ್ವವಿದ್ಯಾಲಯಗಳು ವೇಲ್ಸ್‌ನ ಹೆದ್ದಾರಿ ಕಾಮಗಾರಿಯೊಂದರ ಬಳಿ ಗೋಡೆಗಳನ್ನು ಎಬ್ಬಿಸಿ ನಾಲ್ಕು ವಿಧಾನಗಳನ್ನು ಒಟ್ಟಿಗೆ ಪರೀಕ್ಷಿಸಿದವು: ಬ್ಯಾಕ್ಟೀರಿಯ, ಔಷಧಿ ತುಂಬಿದ ಸೂಕ್ಷ್ಮ ಗುಳಿಗೆ, ರಕ್ತನಾಳದಂಥ ಸಣ್ಣ ಕೊಳವೆಗಳ ಜಾಲ, ಬಿಸಿ ಮಾಡಿದರೆ ಕುಗ್ಗಿ ಬಿರುಕನ್ನು ಎಳೆದು ಮುಚ್ಚುವ ಪ್ಲಾಸ್ಟಿಕ್ ದಾರ. ಗುಳಿಗೆಯ ಕಲ್ಪನೆ 2001ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಸ್ಕಾಟ್ ವೈಟ್ ಅವರ ತಂಡ ಪ್ಲಾಸ್ಟಿಕ್ ಸಂಯುಕ್ತಗಳಿಗಾಗಿ ತೋರಿಸಿದ್ದು. ಒಮ್ಮೆ ಒಡೆದ ಗುಳಿಗೆ ಮತ್ತೆ ತುಂಬುವುದಿಲ್ಲವಾದ್ದರಿಂದ ಅದೇ ಜಾಗದ ಎರಡನೇ ಬಿರುಕಿಗೆ ಮದ್ದಿರುವುದಿಲ್ಲ. ಮನೆ ಕಟ್ಟುವವರ ಮಟ್ಟಿಗೆ ಇವುಗಳಲ್ಲಿ ಬ್ಯಾಕ್ಟೀರಿಯವನ್ನು ಬಿಟ್ಟು ಉಳಿದವು ದೂರದ ಮಾತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಲೋಕ್ ಕುಮಾರ್ ಅವರ ತಂಡ ಇದೇ ಪಾಶ್ಚುರಿ ಜೀವಿಯಿಂದ ಚಂದ್ರನ ಮಣ್ಣಿನ ನಕಲಿಗೆ ಯೂರಿಯಾ, ಗೋರಿಕಾಯಿಯ ಬೀಜದ ಅಂಟು ಬೆರೆಸಿ, ಇಸ್ರೋ ಸಹಯೋಗದಲ್ಲಿ 2020ರಲ್ಲಿ ಇಟ್ಟಿಗೆ ಮಾಡಿತು. ಈಚೆಗೆ 2025ರಲ್ಲಿ ಕೌಶಿಕ್ ವಿಶ್ವನಾಥನ್ ಅವರೊಡನೆ, ಬೇಯಿಸಿ ಮಾಡಿದ ಇಟ್ಟಿಗೆಗಳಲ್ಲಿ ಬೇಕೆಂದೇ ತೂತು, ಕಚ್ಚು ಮಾಡಿ ಅವನ್ನು ಈ ಜೀವಾಣುವಿನ ಕಲಕಿನಿಂದ ತುಂಬಿ ನೋಡಿದರು. ಕಳೆದುಹೋದ ಬಲದಲ್ಲಿ ಶೇ. 28ರಿಂದ 54ರಷ್ಟು ಮರಳಿತು. ಚಂದ್ರನ ಮೇಲಿನ ಕಟ್ಟಡದ ಬಗ್ಗೆ ನನಗೆ ಹೇಳಲು ಏನೂ ಇಲ್ಲ. ಆದರೆ ಒಳಗೇ ಬೀಜಾಣು ಹೂತು ವರ್ಷಗಟ್ಟಲೆ ಕಾಯುವ ಬದಲು, ಬಿರುಕು ಕಂಡ ಮೇಲೆ ಹೊರಗಿನಿಂದ ಹಚ್ಚುವ ಈ ವಿಧಾನ ಹಳೆಯ ಕಟ್ಟಡಗಳಿಗೆ ಹೆಚ್ಚು ಒಗ್ಗುತ್ತದೆ ಎಂದು ನನ್ನ ಎಣಿಕೆ. ಕಟ್ಟಿ ಮುಗಿದ ಮನೆಗಳೇ ಊರಿನಲ್ಲಿ ಹೆಚ್ಚು ತಾನೇ.

ಇಷ್ಟು ಹೊತ್ತು ಸಿಮೆಂಟಿನ ಮಾತಾಯಿತು. ಮಾಯುವ ಗುಣವನ್ನು ಮನುಷ್ಯ ಬಹುಕಾಲ ಬಳಸಿದ್ದು ಸುಣ್ಣದ ಗಾರೆಯಲ್ಲಿ. 2023ರ ಜನವರಿಯಲ್ಲಿ ಅಮೆರಿಕದ ಎಂಐಟಿಯ ಅಡ್ಮಿರ್ ಮಾಸಿಕ್, ಲಿಂಡಾ ಸೀಮೋರ್ ಮತ್ತು ಸಂಗಡಿಗರು ರೋಮಿನ ಹತ್ತಿರದ ಪ್ರಿವರ್ನಮ್ ಎಂಬ ಹಳೆಯ ಪಟ್ಟಣದ ಗೋಡೆಯನ್ನು ಪರೀಕ್ಷಿಸಿ ಬರೆದರು. ರೋಮನ್ ಕಾಂಕ್ರೀಟಿನಲ್ಲಿ ಅಲ್ಲಲ್ಲಿ ಕಾಣುವ ಬಿಳಿ ಸುಣ್ಣದ ಉಂಡೆಗಳನ್ನು ಅದುವರೆಗೆ ಸರಿಯಾಗಿ ಕಲಸದ ಕೆಲಸವೆಂದು ತಿಳಿಯುತ್ತಿದ್ದರು. ಸುಟ್ಟ ಸುಣ್ಣವನ್ನು ಅರಳಿಸದೆ ನೇರವಾಗಿ ಬೆರೆಸಿದ್ದರಿಂದ ಬಿಸಿಯಲ್ಲಿ ಹುಟ್ಟಿದ ಉಂಡೆಗಳವು, ಬಿರುಕು ಹಾದುಹೋದಾಗ ಅವೇ ಕರಗಿ ಸುಣ್ಣ ಒದಗಿಸುತ್ತವೆ ಎಂದು ಈ ತಂಡ ವಾದಿಸಿತು. ಅದೇ ಬಗೆಯಲ್ಲಿ ತಯಾರಿಸಿದ ತುಂಡನ್ನು ಒಡೆದು, ಅರ್ಧ ಮಿ.ಮೀ. ಸಂದು ಬಿಟ್ಟು ನೀರು ಹರಿಸಿದಾಗ ಎರಡು ವಾರಗಳೊಳಗೆ ಹರಿವು ನಿಂತಿತು.

ನಮ್ಮ ಸೀಮೆಯಲ್ಲಿ ಸುಣ್ಣಕ್ಕೆ ಜೊತೆಯಾದದ್ದು ಸುರ್ಕಿ, ಅಂದರೆ ಸುಟ್ಟ ಇಟ್ಟಿಗೆಯ ಪುಡಿ. ಗಾರೆಯ ಗಾಣದಲ್ಲಿ ಅರೆದು, ಕೆಲವು ಕಡೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸೇರಿಸುತ್ತಿದ್ದರು. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಬೆಸೆದಿದ್ದು ಈ ಸುರ್ಕಿ ಗಾರೆಯೇ. ಸುಣ್ಣದ ಗಾರೆ ಸಿಮೆಂಟಿಗಿಂತ ಮೆದು. ಗೋಡೆ ತುಸು ಅಲುಗಿದರೆ ಅದು ಬಳುಕುತ್ತದೆ. ಸೀಳಿದರೂ ಮಳೆನೀರಿನಲ್ಲಿ ಕರಗಿ ಬಂದ ಸುಣ್ಣ ಅದೇ ಸೀಳಿನಲ್ಲಿ ಕೂರುತ್ತದೆ.

ಆದರೆ ಸುಣ್ಣದ ಈ ಔದಾರ್ಯಕ್ಕೆ ಇನ್ನೊಂದು ಮುಖವಿದೆ, ಅದನ್ನು ಕೇರಳದಷ್ಟು ಚೆನ್ನಾಗಿ ಅರಿತ ನಾಡು ಇನ್ನೊಂದಿಲ್ಲ. ಇಡುಕ್ಕಿ ಜಿಲ್ಲೆಯ ಮುಲ್ಲಪೆರಿಯಾರ್ ಅಣೆಕಟ್ಟು 1887ರಿಂದ 1895ರವರೆಗೆ ಕಟ್ಟಿದ್ದು. ಹೊರಗೆ ಕಲ್ಲು, ಒಡಲಲ್ಲಿ ಸುಣ್ಣ ಸುರ್ಕಿಯ ಕಾಂಕ್ರೀಟು. ಅಣೆಕಟ್ಟಿನ ಒಡಲಲ್ಲಿ ನೀರು ನಿಲ್ಲುವುದಿಲ್ಲ, ಒತ್ತಡದಿಂದ ಹಾದುಹೋಗುತ್ತಲೇ ಇರುತ್ತದೆ. ಅಲ್ಲಿ ಕರಗಿದ ಸುಣ್ಣ ಬಿರುಕಿನಲ್ಲಿ ಕೂರುವ ಬದಲು ನೀರಿನೊಡನೆ ಆಚೆ ಹೋಗುತ್ತದೆ. 1930ರ ದಶಕದಲ್ಲೇ ಅದರ ಒಡಲಿಗೆ ಸಿಮೆಂಟು ತುಂಬಿಸುವ ಕೆಲಸ ನಡೆಯಿತು. 1979ರ ನಂತರ ಕಾಂಕ್ರೀಟಿನ ಮೇಲುಹೊದಿಕೆ, ಉಕ್ಕಿನ ಕೇಬಲ್ ಬಿಗಿತ, ಹಿಂಬದಿಯ ಕಾಂಕ್ರೀಟು ಆಸರೆ ಬಂದವು. ನಮ್ಮ ವಿಷಯಕ್ಕೆ ಬೇಕಾದ್ದು ಇಷ್ಟು: ನೆನೆದು ಒಣಗುವ ಗೋಡೆಯಲ್ಲಿ ಸುಣ್ಣ ಮಾಯಿಸುತ್ತದೆ, ಒತ್ತಡದ ನೀರು ಸದಾ ಹರಿಯುವಲ್ಲಿ ಅದೇ ಸುಣ್ಣ ಒಡಲನ್ನು ಟೊಳ್ಳು ಮಾಡುತ್ತದೆ. ಬ್ಯಾಕ್ಟೀರಿಯ ಕೂರಿಸುವುದೂ ಸುಣ್ಣದಕಲ್ಲನ್ನೇ. ಹೊಸ ತಂತ್ರ ಮಾರುವವರನ್ನು ಮೊದಲು ಕೇಳಬೇಕಾದ ಪ್ರಶ್ನೆ, ನೀರು ಹೇಗೆ ಹರಿಯುವಲ್ಲಿ ಇದನ್ನು ಪರೀಕ್ಷಿಸಿದ್ದೀರಿ ಎಂಬುದು.

ಕಲ್ಲೂರಿನ ಸುತ್ತ ಕಾಟ್ಟುನಾಯಕ, ಕುರುಮ, ಪಣಿಯರ ಹಾಡಿಗಳಿವೆ. ಕಾಟ್ಟುನಾಯಕರ ನುಡಿ ಕನ್ನಡಕ್ಕೆ ಬಹಳ ಹತ್ತಿರ. ಈ ಕಾಡಂಚಿನ ಹಳೆಯ ಮನೆ ಎಂದರೆ ಬಿದಿರ ತಟ್ಟಿ, ಅದಕ್ಕೆ ಮೆತ್ತಿದ ಮಣ್ಣು, ಮೇಲೆ ಸಗಣಿಯ ಸಾರಣೆ. ಇಂಥ ಗೋಡೆ ಬಿರುಕು ಬಿಡುವುದು ನಿಶ್ಚಿತ. ಅದರ ಆಯುಷ್ಯ ನಿಂತಿರುವುದು ಮಳೆ ಕಳೆದ ಮೇಲೆ ಮತ್ತೆ ಮೆತ್ತುವ ಕೈಗಳ ಮೇಲೆ. ಒಣಗಿದ ಮಣ್ಣನ್ನು ನೆನೆಸಿದರೆ ಅದು ಮತ್ತೆ ಹೊಸದು. ಸಿಮೆಂಟಿಗೆ ಆ ಭಾಗ್ಯವಿಲ್ಲ. ಈ ಮಣ್ಣಿನ ಕೆಲಸದಲ್ಲಿ ಮನುಷ್ಯನಿಗಿಂತ ಪಳಗಿದ ಕೆಲಸಗಾರ ಗೆದ್ದಲು. ಹುತ್ತದ ಒಂದು ಮೂಲೆಯನ್ನು ಮುರಿದು ಪಕ್ಕದಲ್ಲಿ ಕೂತು ನೋಡಿ. ಕೆಲವೇ ನಿಮಿಷಗಳಲ್ಲಿ ಒಡೆದ ಅಂಚಿಗೆ ಹುಳುಗಳು ಬರುತ್ತವೆ. ಒಂದೊಂದೂ ಬಾಯಲ್ಲಿ ಹಸಿಮಣ್ಣಿನ ಪುಟ್ಟ ಉಂಡೆ ತಂದು ಅಂಚಿಗೆ ಒತ್ತಿ, ತಲೆ ಅಲುಗಿಸಿ ಅದುಮಿ, ಹಿಂದಕ್ಕೆ ಸರಿಯುತ್ತದೆ. ಹಸಿ ಮಣ್ಣಿನ ಕಡುಬಣ್ಣದ ಅಂಚು ನೋಡುನೋಡುತ್ತ ಒಳಕ್ಕೆ ಬೆಳೆದು ಬಾಯಿ ಮುಚ್ಚುತ್ತದೆ.

ಭಾರತೀಯ ವಿಜ್ಞಾನ ಸಂಸ್ಥೆಯ ಜೀವವಿಜ್ಞಾನಿ ರೆನೀ ಬೋರ್ಜಸ್ ಮತ್ತು ಸಿವಿಲ್ ಇಂಜಿನಿಯರ್ ತೇಜಸ್ ಮೂರ್ತಿ ಸಂಗಡಿಗರೊಡನೆ ವರ್ಷಗಟ್ಟಲೆ ಈ ಹುತ್ತಗಳನ್ನು ಅಭ್ಯಾಸ ಮಾಡಿದ್ದಾರೆ. ಗೆದ್ದಲು ಮುಟ್ಟಿದ ಮಣ್ಣು ಅದೇ ಜಾಗದ ಬರಿ ಮಣ್ಣಿಗಿಂತ ಸುಮಾರು 10 ಪಟ್ಟು ಗಟ್ಟಿ ಎಂದು ಅವರು ಅಳೆದರು. 2020ರಲ್ಲಿ ಪ್ರಕಟವಾದ ಅವರ ಇನ್ನೊಂದು ಅಧ್ಯಯನ ನನಗೆ ಇನ್ನೂ ಮುಖ್ಯವೆನಿಸುತ್ತದೆ. ಬಲ ಬರಲು ಸರಿಯಾದ ತೇವವೊಂದೇ ಸಾಕು, ಮಳೆಗೆ ಗಾಳಿಗೆ ಕರಗದೆ ಉಳಿಯಲು ಮಾತ್ರ ಹುಳದ ಸ್ರವಿಕೆ ಬೇಕು ಎಂಬುದು ಅದರ ಸಾರ. ಮಣ್ಣಿನ ಗೋಡೆ ಕಟ್ಟುವವರಿಗೆ ಇದು ನೇರ ಉಪಯೋಗದ ಮಾತು. ಮಣ್ಣು ಕಲಸುವಾಗ ತೇವದ ಹದಕ್ಕೆ ಗಮನ, ಹೊರಮೈಗೆ ಮಾತ್ರ ಸುಣ್ಣದಂಥ ರಕ್ಷಣೆ. ಇದೇ ಸಂಸ್ಥೆ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಅಸ್ತ್ರ ಕೇಂದ್ರ ತೆರೆದು, ಅಲ್ಲಿ ಕೆ.ಎಸ್. ಜಗದೀಶ್ ಮತ್ತು ಅವರ ಶಿಷ್ಯರು ತುಸು ಸಿಮೆಂಟು ಅಥವಾ ಸುಣ್ಣ ಸೇರಿಸಿ ಒತ್ತಿದ ಮಣ್ಣಿನ ಇಟ್ಟಿಗೆಗಳನ್ನು ಬೆಳೆಸಿದ್ದು. ಗೆದ್ದಲಿನ ಅಧ್ಯಯನವೂ ಒತ್ತಿದ ಮಣ್ಣಿನ ಇಟ್ಟಿಗೆಯೂ ಒಂದೇ ಆವರಣದೊಳಗಿನವು. ಇವೆರಡೂ ಕೂಡಿ ಮಳೆನಾಡಿನ ಮಣ್ಣಿನ ಮನೆಗೆ ಒಂದು ಪಾಠ ಬರೆದರೆ ಹಾಡಿಗಳಲ್ಲಿ ಅದಕ್ಕೆ ಜಾಗವಿದೆ.

ಈಗ ಕಲ್ಲೂರಿನಲ್ಲಿ ಮನೆ ಕಟ್ಟಿಸುವವರ ಕೈಗೆ ಏನು ಸಿಗುತ್ತದೆ? ಪಿಪಿಸಿ ಸಿಮೆಂಟು ಪೇಟೆಯ ಅಂಗಡಿಯಲ್ಲಿದೆ. ಅದಕ್ಕೆ ಸಂಹಿತೆ ಹೇಳುವಂತೆ ಕನಿಷ್ಠ 10 ದಿನ ನೀರುಣಿಸಬೇಕು, ಸಾದಾ ಸಿಮೆಂಟಿಗೆ 7. ತಾರಸಿಯ ಮೇಲೆ ಗೋಣಿ ಹಾಸಿ ದಿನಕ್ಕೊಮ್ಮೆ ನೀರು ಚೆಲ್ಲುವುದು ನೀರುಣಿಸಿದಂತಲ್ಲ. ಬದು ಕಟ್ಟಿ ನೀರು ನಿಲ್ಲಿಸಬೇಕು. ಕಂಬಿಯ ಕೆಳಗೆ ಕವರ್ ಬ್ಲಾಕ್ ಇಡಬೇಕು. ಇವನ್ನು ಬಿಟ್ಟು ಬ್ಯಾಕ್ಟೀರಿಯ ತಂದರೆ ಏನೂ ಉಪಯೋಗವಿಲ್ಲ, ಏಕೆಂದರೆ ನೀರುಣಿಸುವುದು ತಪ್ಪಿದ ಕಾಂಕ್ರೀಟಿನ ಬಿರುಕು ಮಾಯುವ ಅಳತೆಯನ್ನು ಬೇಗನೆ ಮೀರಿಬಿಡಬಹುದು. ನೀರಿನ ತೊಟ್ಟಿ, ಸಂಪು, ನೆಲಮಾಳಿಗೆಗಳಿಗೆ ಕ್ರಿಸ್ಟಲೈನ್ ಎಂಬ ಪುಡಿ ಈಗಾಗಲೇ ಮಾರಾಟದಲ್ಲಿದೆ. ತೇವ ತಾಗಿದಾಗ ಸಿಮೆಂಟಿನ ಸುಣ್ಣದೊಡನೆ ಕೂಡಿ ಹರಳು ಬೆಳೆಸಿ ಸಣ್ಣ ಬಿರುಕನ್ನು ತುಂಬುವಂಥದು. ಸದಾ ತೇವವಿರುವಲ್ಲಿ ಇದಕ್ಕೆ ಕೊಟ್ಟ ಹಣ ವ್ಯರ್ಥವಲ್ಲ. ಒಣ ಗೋಡೆಗೆ ಬಳಿದರೆ ಹೆಚ್ಚೇನೂ ಆಗದು.

ಬ್ಯಾಕ್ಟೀರಿಯ ಕಾಂಕ್ರೀಟಿನ ನಿಜವಾದ ಜಾಗ ನನ್ನ ಲೆಕ್ಕದಲ್ಲಿ ಮನೆಯಲ್ಲ, ಕಾಡಿನೊಳಗಿನ ಸಾರ್ವಜನಿಕ ಕಟ್ಟಡಗಳು. ರಾಷ್ಟ್ರೀಯ ಹೆದ್ದಾರಿ 766 ಮುತ್ತಂಗ ದಾಟಿ ಬಂಡೀಪುರದೊಳಗೆ ಹೋಗುತ್ತದೆ. ಅಲ್ಲಿ ರಾತ್ರಿ ವಾಹನ ಸಂಚಾರಕ್ಕೆ 2009ರಿಂದ ತಡೆಯಿದೆ. ಅಂಥ ರಸ್ತೆಯ ಮೋರಿ, ಸೇತುವೆ, ಹಾಡಿಗಳ ಕುಡಿಯುವ ನೀರಿನ ತೊಟ್ಟಿ, ಕಾಡಂಚಿನ ತಡೆಅಣೆ ಇವಕ್ಕೆ ಆಳು ಕಳಿಸಿ ರಿಪೇರಿ ಮಾಡುವುದು ಕಷ್ಟ, ಆನೆಯ ದಾರಿಯಲ್ಲಿ ಅಪಾಯವೂ ಹೌದು. ಅಲ್ಲಿ ತುಸು ಹೆಚ್ಚು ಬೆಲೆ ಕೊಟ್ಟು ತಾನೇ ಮಾಯುವ ವಸ್ತು ಹಾಕುವುದಕ್ಕೆ ಅರ್ಥವಿದೆ. ಕಲ್ಲೂರು ಕಡೆಯ ಹವಾಮಾನವೂ ಇದಕ್ಕೆ ಅನುಕೂಲ. ವೈತ್ತಿರಿ, ಲಕ್ಕಿಡಿಯಷ್ಟು ಮಳೆ ಇಲ್ಲಿಲ್ಲ. ನೆನೆಯುವುದು, ಒಣಗುವುದು ಎರಡೂ ನಡೆಯುತ್ತವೆ, ಜೀವಾಣುವನ್ನು ನಿಷ್ಕ್ರಿಯ ಮಾಡುವ ಯೂರೋಪಿನ ಚಳಿಯೂ ಇಲ್ಲ.

ಒಂದೇ ಅಳತೆಯ ಮೂರು ತೊಟ್ಟಿಗಳನ್ನು ಪಂಚಾಯಿತಿಯೊಂದು ಕಟ್ಟಿಸಲಿ: ಒಂದು ವಾಡಿಕೆಯ ಕಾಂಕ್ರೀಟಿನದು, ಇನ್ನೊಂದು ಹಾರುಬೂದಿ ಮತ್ತು ಎಳೆ ಸೇರಿಸಿದ ತೊಂಡೇಭಾವಿ ಬಗೆಯದು, ಮೂರನೆಯದು ಜೀವಾಣುವಿನದು. ಮೂರರಲ್ಲೂ 0.1, 0.2, 0.4 ಮಿ.ಮೀ. ಬಿರುಕು ಬೀಳಿಸಿ, ದಿನಕ್ಕೆ ಎಷ್ಟು ನೀರು ಸೋರುತ್ತದೆ ಎಂದು ಎರಡು ಮಳೆಗಾಲ, ನಡುವಿನ ಬೇಸಿಗೆ ಸೇರಿ ಅಳೆಯಲಿ. ಮುಚ್ಚಿದ ಬಿರುಕನ್ನು ಮತ್ತೆ ತೆರೆದು ಎರಡನೇ ಸಲ ಮುಚ್ಚುತ್ತದೆಯೇ ನೋಡಲಿ. ಹತ್ತಿರದ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ನಡೆಸಬಹುದಾದ ಕೆಲಸ ಇದು, ದುಬಾರಿ ಯಂತ್ರ ಬೇಡ. ಆ ಲೆಕ್ಕ ಕೈಗೆ ಬಂದ ಮೇಲೆ ಲೋಕೋಪಯೋಗಿ ಇಲಾಖೆಯ ದರಪಟ್ಟಿಗೆ ಇದನ್ನು ಸೇರಿಸುವ ಮಾತನ್ನು ಆಡಬಹುದು.